ನಶ್ಯದ ಗುಳಿ

ಮಾವನವರು ಅವನನ್ನು ಯಾರಿಗೇ ಪರಿಚಯಿಸಲಿ, ಒಂದೇ ಮಾತು: "ಇವರು ನಮ್ಮ ಎರಡನೇ ಅಳಿಯ. ಸದ್ಯಕ್ಕೆ ಡಾಕ್ಟರು."

ಆ 'ಸದ್ಯಕ್ಕೆ' ಕಿವಿಗೆ ಬಿದ್ದಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು. ಇವತ್ತು ಡಾಕ್ಟರು, ನಾಳೆ ಬಡಗಿ, ನಾಡಿದ್ದು ಬಸ್ ಡ್ರೈವರು ಅನ್ನುವ ಹಾಗೆ! ಆದರೆ ಮಾವನವರು ಹೇಳುವುದು ಸುಳ್ಳೂ ಅಲ್ಲ. ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದಲ್ಲಿ ಅವನದು ತಾತ್ಕಾಲಿಕ ಕೆಲಸ. ವರ್ಷ ವರ್ಷವೂ ಕೈಮುಗಿದು ಮುಂದುವರಿಸಿಕೊಳ್ಳಬೇಕು. ಷಡ್ಡಕ, ಎಂದರೆ ಹೆಂಡತಿಯ ಅಕ್ಕನ ಗಂಡ, ನೀರು ಸರಬರಾಜು ಕಚೇರಿಯಲ್ಲಿ ಖಾಯಂ ನೌಕರ. ಸಿಕ್ಕಾಗಲೆಲ್ಲ ಬೆನ್ನು ತಟ್ಟಿ, "ಏನ್ರೀ ಡಾಕ್ಟ್ರೇ, ಇನ್ನೂ ಟೆಂಪರರಿನಾ? ಆಗುತ್ತೆ ಬಿಡಿ, ಆಗುತ್ತೆ," ಎನ್ನುತ್ತಿದ್ದ. ಕೊಳಾಯಿಯಲ್ಲಿ ನೀರು ಬರದ ದಿನ ಜನರಿಗೆ ಅವನು ಹೇಳುವುದೂ ಅದೇ ಮಾತು, ಅದೇ ದನಿ.

ಈ ವರ್ಷ ಕೊನೆಗೂ ಒಂದು ಖಾಯಂ ಹುದ್ದೆ ಬಂತು. ಒಂದೇ ಒಂದು. ಅವನ ವಯಸ್ಸಿನ ಮಿತಿ ಮುಗಿಯುತ್ತಾ ಬಂದಿತ್ತು. ಈ ಸಲ ತಪ್ಪಿದರೆ ಜೀವಮಾನವಿಡೀ 'ಸದ್ಯಕ್ಕೆ'. ಹೆಂಡತಿ ನೇರವಾಗಿಯೇ ಹೇಳಿದ್ದಳು, "ಈ ಸಲನೂ ಆಗ್ಲಿಲ್ಲ ಅಂದ್ರೆ ನಾನು ಅಕ್ಕನ ಮನೆ ಹೊಸಿಲು ತುಳಿಯಲ್ಲ, ನೋಡಿ." ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಆ ರಾತ್ರಿ ಅವನಿಗೆ ಊಟ ಸೇರಲಿಲ್ಲ.

ಅಡ್ಡಗಾಲು ಒಬ್ಬನೇ: ನಗು ಡಾಕ್ಟರು. ಆ ಹೆಸರಿಟ್ಟವರು ನರ್ಸುಗಳು. ಅವರೇ ಇವನಿಗೆ ಪುಸ್ತಕ ಡಾಕ್ಟರು ಎಂದೂ ಹೆಸರಿಟ್ಟಿದ್ದರು, ಅದು ಹೊಗಳಿಕೆ ಎಂದು ಅವನು ಬಹಳ ದಿನ ನಂಬಿದ್ದ. ನಗು ಡಾಕ್ಟರು ಅವನಿಗಿಂತ ಚಿಕ್ಕವನು, ಅವನ ನಂತರ ಸೇರಿದವನು, ಅವನಂತೆಯೇ ತಾತ್ಕಾಲಿಕ. ಅವನನ್ನು ಬಾಯ್ತುಂಬ "ಅಣ್ಣಾ" ಎಂದು ಕರೆಯುತ್ತಿದ್ದ. ಎಮರ್ಜೆನ್ಸಿಯಲ್ಲಿ ಇದ್ದವರು ಇವರಿಬ್ಬರೇ. ಮೂರನೆಯ ಡಾಕ್ಟರಮ್ಮ ಹೆರಿಗೆ ರಜೆಯಲ್ಲಿದ್ದರು. ಇವನು ಕುರ್ಚಿಯಲ್ಲಿ ಕೂತಿರುವಾಗಲೇ ರೋಗಿಗಳು ಬಾಗಿಲಲ್ಲಿ ಇಣುಕಿ, "ನಗು ಡಾಕ್ಟ್ರು ಯಾವಾಗ ಬರ್ತಾರೆ?" ಎಂದು ಇವನನ್ನೇ ಕೇಳುತ್ತಿದ್ದರು. ಎಲ್ಲರ ಬಾಯಲ್ಲೂ ಒಂದೇ ರಾಗ: ಆ ಡಾಕ್ಟ್ರ ಕೈಗುಣ ಚೆನ್ನಾಗಿದೆ.

ಕೈಗುಣವಂತೆ ಕೈಗುಣ! ಯಾವ ಪುಸ್ತಕದ ಯಾವ ಪುಟದಲ್ಲಿದೆ ಅದು? ಮಣಿಕಟ್ಟು ಮುರಿದುಕೊಂಡು ಬಂದವರನ್ನು ನಗು ಡಾಕ್ಟರು ಮಂಚದ ಮೇಲೆ ಕೂರಿಸಿ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಮನೆಯ ಸುದ್ದಿ ಕೇಳುತ್ತಾ ಕೈ ಹಿಡಿದುಕೊಳ್ಳುವನು. ಮಗಳ ಮದುವೆಯ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಒಂದು ಸಣ್ಣ 'ಕಟಕ್'. ರೋಗಿ, "ಸರಿ ಡಾಕ್ಟ್ರೇ, ಶುರು ಮಾಡಿ," ಎಂದರೆ, "ಮುಗೀತಲ್ಲಮ್ಮಾ!" ಎಂದು ನಗುವನು. ಪುಸ್ತಕ ಡಾಕ್ಟರೂ ಅದೇ ಇಂಜೆಕ್ಷನ್ ಕೊಟ್ಟು ಅದೇ ರೀತಿ ಎಳೆಯುತ್ತಿದ್ದ. ಆದರೆ ಅವನು ಕೈಗವಸು ಹಾಕಿಕೊಳ್ಳುತ್ತಿದ್ದಂತೆಯೇ ರೋಗಿಗಳು ಅರಚಲು ಶುರು ಮಾಡುತ್ತಿದ್ದರು.

ಆಯ್ಕೆ ನಡೆಸುವವರು ಆಸ್ಪತ್ರೆಯ ದೊಡ್ಡ ಡಾಕ್ಟರು ಮತ್ತು ಹೊರಗಿನಿಂದ ಬರುವ ಇಬ್ಬರು ತಜ್ಞರು. ಮೊದಲು ಬಾಯಿಮಾತಿನ ಪ್ರಶ್ನೆ. ಅದರಲ್ಲಿ ಅವನನ್ನು ಮೀರಿಸುವವರಿಲ್ಲ. ಆಮೇಲೆ ಪ್ರಾಯೋಗಿಕ: ಆ ಬೆಳಿಗ್ಗೆ ಮಣಿಕಟ್ಟು ಮುರಿದುಕೊಂಡು ಬಂದ ರೋಗಿಯ ಮೂಳೆಯನ್ನು ಅವರ ಕಣ್ಣೆದುರೇ ಸರಿ ಕೂರಿಸಿ ಪ್ಲಾಸ್ಟರಿನ ಪಟ್ಟು ಹಾಕಿ ತೋರಿಸಬೇಕು. ಅದರಲ್ಲಿ ಅವನಿಗೆ ಉಳಿಗಾಲವಿಲ್ಲ. ಹಾಗಾದರೆ ತೆಗೆದುಹಾಕಬೇಕಾದ್ದು ಎದುರಾಳಿಯನ್ನಲ್ಲ, ಎದುರಾಳಿಯ ಬಲಗೈಯನ್ನು ಮಾತ್ರ. ಅದೂ ಒಂದೆರಡು ವಾರದ ಮಟ್ಟಿಗೆ.

ದಾರಿ ತೋರಿಸಿದ್ದು ಪುಸ್ತಕವೇ. ಹೆಬ್ಬೆರಳನ್ನು ಸೆಟೆದು ಎತ್ತಿದರೆ ಅದರ ಬುಡದಲ್ಲಿ, ಮಣಿಕಟ್ಟಿನ ಪಕ್ಕ, ಒಂದು ಪುಟ್ಟ ಗುಳಿ ಬೀಳುತ್ತದೆ. ಹಿಂದಿನವರು ಅಲ್ಲಿ ಚಿಟಿಕೆ ನಶ್ಯ ಇಟ್ಟುಕೊಂಡು ಮೂಗಿಗೇರಿಸುತ್ತಿದ್ದರಂತೆ. ಆದ್ದರಿಂದ ಅದು ನಶ್ಯದ ಗುಳಿ. ಅದರ ತಳದಲ್ಲಿ ಗೋಡಂಬಿಯಷ್ಟು ದೊಡ್ಡ ಮೂಳೆಯೊಂದು ಅಡಗಿ ಕೂತಿದೆ, ದೋಣಿಮೂಳೆ. ಮಹಾ ಕಳ್ಳ ಮೂಳೆ. ಮುರಿದರೂ ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣಿಸುವುದೇ ಇಲ್ಲ. ಅದಕ್ಕೆ ರಕ್ತ ಬರುವುದೂ ತಿರುಗುಮುರುಗು, ಬೆರಳ ಕಡೆಯಿಂದ ಹಿಂದಕ್ಕೆ. ಮುರಿದದ್ದನ್ನು ಗಮನಿಸದೆ ಬಿಟ್ಟರೆ ಒಂದು ತುಂಡು ರಕ್ತವಿಲ್ಲದೆ ಸತ್ತೇ ಹೋಗಬಹುದು. ಅದಕ್ಕೇ ನಿಯಮ ಹೀಗಿದೆ: ಕೈಯೂರಿ ಬಿದ್ದವರಿಗೆ ನಶ್ಯದ ಗುಳಿಯಲ್ಲಿ ನೋವಿದ್ದರೆ, ಎಕ್ಸ್‌ರೇ ಏನೇ ಹೇಳಲಿ, ಮುರಿದಿದೆ ಎಂದೇ ತಿಳಿದು ಪಟ್ಟು ಹಾಕಿ, ಒಂದೆರಡು ವಾರ ಬಿಟ್ಟು ಮತ್ತೆ ನೋಡಿ.

ಇದನ್ನು ಎಷ್ಟೋ ಸಲ ಓದಿದ್ದ. ಈ ಸಲ ಓದಿದಾಗ ಮಾತ್ರ ಎದ್ದು ಕುಣಿಯುವುದೊಂದು ಬಾಕಿ. ಲೋಕದ ಅಪರಾಧಿಗಳೆಲ್ಲ ನಿಯಮ ಮುರಿದು ಸಿಕ್ಕಿಬೀಳುತ್ತಾರೆ, ಪಾಪ. ಅವನು ನಿಯಮ ಪಾಲಿಸಿಯೇ ಅಪರಾಧ ಮಾಡಲಿದ್ದ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೆ ಅದೇ ಅವನ ಸಾಕ್ಷಿ! ಎರಡು ವಾರದ ಮೇಲೆ ಮೂಳೆ ನೆಟ್ಟಗಿದೆ ಎಂದು ತಿಳಿದರೆ, "ಒಳ್ಳೇದಾಯ್ತು ಬಿಡಪ್ಪಾ," ಎಂದರಾಯಿತು. ಅಷ್ಟರಲ್ಲಿ ಆಯ್ಕೆ ಮುಗಿದಿರುತ್ತದೆ. ಕೂಡಲೇ ನಿಜ ಹೇಳಿಬಿಡುವ ದೊಡ್ಡ ಸ್ಕ್ಯಾನ್ ಒಂದಿತ್ತು, ನಿಜ. ಆದರೆ ಅದರ ಸರದಿ ಎಷ್ಟು ಉದ್ದವೆಂದರೆ, ಹೆಸರು ಬರೆಸಿದವರು ಅಷ್ಟರಲ್ಲಿ ವಾಸಿಯಾಗಿ ಊರು ಬದಲಾಯಿಸಿರುತ್ತಿದ್ದರು.

ಉಳಿದದ್ದು ನೋವು. ಅದಕ್ಕೂ ದಾರಿಯಿತ್ತು. ಆ ಗುಳಿಯ ಮೇಲೆ ಸಣ್ಣ ನರವೊಂದು ಹಾದುಹೋಗುತ್ತದೆ. ಉಗುರು ತಾಗುವಂತೆ ಜೋರಾಗಿ ಒತ್ತಿದರೆ ಎಂಥವರಿಗೂ ಚುರ್ರೆನ್ನುತ್ತದೆ. ಮೊದಲು ತನ್ನ ಕೈ ಒತ್ತಿ ನೋಡಿಕೊಂಡ. ಆಮೇಲೆ ಬಟ್ಟೆ ಮಡಚುತ್ತಿದ್ದ ಹೆಂಡತಿಯ ಪಕ್ಕ ಕೂತು ಮೆಲ್ಲಗೆ ಅವಳ ಕೈ ಹಿಡಿದ. ಅವಳು ಒಂದು ಕ್ಷಣ ನಾಚಿಕೊಂಡಳು. ಮರುಕ್ಷಣ, "ಅಮ್ಮಾ! ಏನ್ರೀ ಇದು?"

"ನೋವಾಯ್ತಾ?"

"ಹಂಗೆ ಅದುಮಿದ್ರೆ ನೋಯಲ್ವಾ? ಎಷ್ಟೋ ದಿನಕ್ಕೆ ಕೈ ಹಿಡಿದ್ರಲ್ಲ ಅಂದ್ಕೊಂಡೆ, ಇದಕ್ಕಾ?"

"ಥ್ಯಾಂಕ್ಸ್," ಎಂದು ಎದ್ದು ಹೋದ. ಅವಳು ಮಡಚಿದ ಬಟ್ಟೆಯನ್ನೆಲ್ಲ ಮತ್ತೆ ಕೆದರಿ ಹಾಕಿದಳು.

ಇನ್ನು ಬೀಳಿಸಬೇಕು. ಅವನು ಕೊಲೆಗಾರನಲ್ಲ, ಮೂಳೆ ಮುರಿಯುವ ಪೈಕಿಯೂ ಅಲ್ಲ. ಒಂದು ಸಣ್ಣ ಮುಗ್ಗರಿಕೆ ಸಾಕು. ಎಕ್ಸ್‌ರೇ ಕೋಣೆಯ ಮುಂದಿನ ಇಳಿಜಾರು ಒರೆಸಿ ಇನ್ನೂ ಒದ್ದೆಯಿರುವಾಗ, "ಬೇಗ ಬಾರೋ, ಬೇಗ!" ಎಂದು ಕೂಗಿದ. ನಗು ಡಾಕ್ಟರು ಓಡಿ ಬಂದು, ಜಾರಿ, ಜಾರಿದವನು ಬೀಳದೆ ಎರಡೂ ಕೈ ಚಾಚಿ ತೇಲಿದಂತೆ ಇಳಿಜಾರಿನ ಕೊನೆಯವರೆಗೆ ಹೋಗಿ ನಿಂತ. "ಅಣ್ಣಾ, ಭಾರಿ ಮಜಾ ಇದೆ, ನೀನೂ ಬಾ!" ಎಂದ. ಅವನನ್ನು ಬೈಯಲು ಎರಡು ಹೆಜ್ಜೆ ಇಟ್ಟ ಪುಸ್ತಕ ಡಾಕ್ಟರು ತಾನೇ ದಬಕ್ಕನೆ ಕುಂಡಿ ಊರಿ ಕೂತ. ಎತ್ತಿ ನಿಲ್ಲಿಸಿದವನೂ ನಗು ಡಾಕ್ಟರೇ. ಎರಡು ದಿನ ನಿಂತೇ ರೋಗಿಗಳನ್ನು ನೋಡಬೇಕಾಯಿತು.

ಎರಡನೇ ಉಪಾಯ ಸರಳವಾಗಿತ್ತು. ಪಟ್ಟು ಹಾಕುವ ಕೋಣೆಯಲ್ಲಿ ಚಕ್ರದ ಸ್ಟೂಲು ಒಂದಿತ್ತು. ನಗು ಡಾಕ್ಟರು ಅದರ ಮೇಲೆ ಕೂರುವಾಗ ಎಂದೂ ಹಿಂದೆ ತಿರುಗಿ ನೋಡಿದವನಲ್ಲ. ರೋಗಿಯ ಮುಖ ನೋಡುತ್ತಾ, ಮಾತಾಡುತ್ತಾ, ಹಾಗೇ ಕೂರುವನು. ಒಂದು ಮಧ್ಯಾಹ್ನ, ಅವನು ಒಬ್ಬ ಅಜ್ಜನ ಬೆರಳಿನ ಹೊಲಿಗೆ ಬಿಚ್ಚಲು ಬಂದಾಗ, ಪುಸ್ತಕ ಡಾಕ್ಟರು ಹತ್ತಿ ತೆಗೆದುಕೊಳ್ಳುವ ನೆಪದಲ್ಲಿ ಪಕ್ಕ ಬಂದು ಕಾಲಿನಿಂದ ಸ್ಟೂಲನ್ನು ಒಂದು ಗೇಣು ಹಿಂದಕ್ಕೆ ತಳ್ಳಿದ. ನಗು ಡಾಕ್ಟರು ಗಾಳಿಯ ಮೇಲೆ ಕೂತ. ಬಲಗೈ ನೆಲಕ್ಕೆ ಊರಿದ. ಅಜ್ಜ, "ಅಯ್ಯಯ್ಯೋ ಮಗನೇ!" ಎಂದು ಕೂಗಿದರು.

ಪುಸ್ತಕ ಡಾಕ್ಟರು ಎಲ್ಲರಿಗಿಂತ ಮೊದಲು ಧಾವಿಸಿದ. ಮುಂದಿನದು ಅವನ ಜೀವನದ ಅತ್ಯುತ್ತಮ ತಪಾಸಣೆ. ಕೈ ಸೊಟ್ಟಗಾಗಿದೆಯೇ ಎಂದು ನೋಡಿದ, ಆಗಿಲ್ಲ. ನಾಡಿ ಹಿಡಿದ. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ, ಸ್ಪರ್ಶ ಗೊತ್ತಾಗುತ್ತಿದೆಯೇ ಎಂದು ಕೇಳಿದ. ಮೊಣಕೈಯಿಂದ ಶುರು ಮಾಡಿ ಇಂಚಿಂಚೇ ಒತ್ತುತ್ತಾ ಬಂದ. ಕೊನೆಗೆ ಹೆಬ್ಬೆರಳು ಎತ್ತಿಸಿ, ನಶ್ಯದ ಗುಳಿಯಲ್ಲಿ ತನ್ನ ಉಗುರನ್ನು ಭಕ್ತಿಯಿಂದ ನಾಟಿಸಿದ.

"ಆಹ್!"

"ನೋವಿದ್ಯಾ?"

"ಅಲ್ಲಣ್ಣಾ, ನೀನು ಹಾಗೆ ಒತ್ತಿದ್ರೆ..."

"ನೋವಿದ್ಯೋ ಇಲ್ವೋ, ಅಷ್ಟು ಹೇಳು."

"ಇದೆ."

ದೋಣಿಮೂಳೆಗೆಂದೇ ಬೇರೆ ಬೇರೆ ಕೋನದಲ್ಲಿ ತೆಗೆಯುವ ಎಕ್ಸ್‌ರೇ ತೆಗೆಸಿದ. ಗಾಜಿನಷ್ಟು ಸ್ವಚ್ಛ. ಅವನು ಅದನ್ನು ಬೆಳಕಿಗೆ ಹಿಡಿದು ತಲೆಯಾಡಿಸಿ, ನಗು ಡಾಕ್ಟರಿಗೆ ಗುಳಿಯ ಕತೆ, ಮೂಳೆಯ ಕತೆ, ತಿರುಗುಮುರುಗು ರಕ್ತದ ಕತೆ ಎಲ್ಲವನ್ನೂ ಪಾಠ ಮಾಡಿದ. ಅವನು ಬಾಯಿ ತೆರೆದುಕೊಂಡು ಆಲಿಸಿದ. ಇವನು ದೊಡ್ಡ ಡಾಕ್ಟರನ್ನೂ ಕರೆಸಿದ, ಯಾಕೆಂದರೆ ಅಪರಾಧಕ್ಕೆ ಮೇಲಿನವರ ಒಪ್ಪಿಗೆಯಿದ್ದರೆ ಆ ಮಾತೇ ಬೇರೆ. ಅವರು ಬಂದು ಗುಳಿ ಒತ್ತಿದರು. ಅಷ್ಟು ಹೊತ್ತಿಗೆ ಅದು ಇವನ ಉಗುರಿನಿಂದಲೇ ಕೆಂಪಾಗಿ, ಮುಟ್ಟಿದರೆ ಸಾಕು ನೋಯುತ್ತಿತ್ತು.

"ಅನುಮಾನ ಬಂದ್ರೆ ಕಟ್ಟಿಬಿಡ್ಬೇಕು," ಎಂದರು ದೊಡ್ಡ ಡಾಕ್ಟರು. "ಸರಿಯಾಗಿ ಮಾಡಿದ್ದೀಯ. ಎಷ್ಟು ಜನ ಇದನ್ನ ಬಿಟ್ಟುಬಿಡ್ತಾರೆ ಗೊತ್ತಾ?"

ಆ ಹೊಗಳಿಕೆ ಕೇಳಿ ಅವನು ಇನ್ನಷ್ಟು ಹುರುಪಿನಿಂದ ಹತ್ತಿಯ ಸುರುಳಿ ಬಿಚ್ಚಿದ. ಮೊಣಕೈ ಕೆಳಗಿನಿಂದ ಹೆಬ್ಬೆರಳನ್ನೂ ಸೇರಿಸಿ, ಹತ್ತಿಯ ಮೇಲೆ ಸುತ್ತು ಸುತ್ತಾಗಿ, ಬೆಣ್ಣೆಯಂತೆ ನುಣುಪಾದ ಪಟ್ಟು ಹಾಕಿದ. ಹಾಕಿ, ಎಲ್ಲರಿಗೂ ಕೇಳುವಂತೆ ಗದರಿದ, "ನೋಡು, ಈ ಕೈಯಲ್ಲಿ ಯಾವ ಕೆಲಸನೂ ಕೂಡದು. ರೋಗೀನ ಮುಟ್ಟೋ ಹಾಗೇ ಇಲ್ಲ, ತಿಳೀತಾ?"

"ಹಾಗಾದ್ರೆ ಇವನ ಡ್ಯೂಟಿ?" ಎಂದು ದೊಡ್ಡ ಡಾಕ್ಟರು ಹುಬ್ಬೇರಿಸಿದರು.

"ನಾನಿದೀನಲ್ಲ ಸರ್," ಎಂದ. ತನ್ನ ದೊಡ್ಡತನಕ್ಕೆ ತನಗೇ ಕಣ್ಣು ತೇವವಾಯಿತು. ನಗು ಡಾಕ್ಟರು ಎಡಗೈಯಿಂದ ಅವನ ಭುಜ ಹಿಡಿದು, "ಅಣ್ಣಾ, ನಿನ್ನಂಥೋರು ಸಿಗಲ್ಲ ಕಣೋ," ಎಂದ. ಒಂದೇ ಒಂದು ಕ್ಷಣ ಅವನ ಮನಸ್ಸು ಚುಚ್ಚಿತು. ಆಮೇಲೆ ಷಡ್ಡಕನ ಮುಖ ನೆನಪಾಯಿತು, ಸರಿಹೋಯಿತು.

ಆಯ್ಕೆಯ ಬೆಳಿಗ್ಗೆ ಹೆಂಡತಿ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ಕೊಟ್ಟು, "ಚೆನ್ನಾಗಿ ಹೇಳಿ ಬನ್ನಿ. ನಾನು ಅಕ್ಕನಿಗೆ ಫೋನ್ ಮಾಡಕ್ಕೆ ಕಾಯ್ತಿರ್ತೀನಿ," ಎಂದಳು. ಅವನು ಅಂಗಿಯ ಮೇಲೆ ಬಿಳಿ ಕೋಟು ತೊಟ್ಟು ಎಮರ್ಜೆನ್ಸಿಗೆ ಬಂದ. ಆಯ್ಕೆ ನಡೆಯುವ ಕೋಣೆ ನೇರ ಮೇಲಿನ ಮಹಡಿಯಲ್ಲೇ. ಕರೆದಾಗ ಮೆಟ್ಟಿಲು ಹತ್ತಿದರಾಯಿತು. ಮೊದಲ ಕರೆ ನಗು ಡಾಕ್ಟರಿಗೆ. ಅವನು ಜೋಳಿಗೆಯಂಥ ಪಟ್ಟಿಯಲ್ಲಿ ಕೈ ಇಳಿಬಿಟ್ಟುಕೊಂಡು ಬಂದು, "ಕರೆದಿದ್ದಾರಲ್ಲ, ಸುಮ್ನೆ ಮುಖ ತೋರಿಸಿ ಬರ್ತೀನಣ್ಣಾ. ಪ್ರಾಯೋಗಿಕ ಮಾಡೋ ಹಾಗಿಲ್ಲ, ಇನ್ನೇನು ಆಸೆ?" ಎಂದ.

"ಹೋಗಿ ಬಾ, ಧೈರ್ಯವಾಗಿರು," ಎಂದು ಇವನು ಹರಸಿದ.

ಅವನು ಮೆಟ್ಟಿಲು ಹತ್ತಿದ್ದೇ ತಡ, ಒಂದು ಶಾಲೆಯ ಹೆಡ್‌ಮಿಸ್ ಬಂದರು. ಬೀರುವಿನ ಮೇಲಿನ ಗ್ಲೋಬು ಇಳಿಸಲು ಕುರ್ಚಿ ಹತ್ತಿ ಬಿದ್ದಿದ್ದರು. ಎಡ ಮಣಿಕಟ್ಟು ಹಿಂದಕ್ಕೆ ಬಾಗಿ, ಬೋರಲು ಇಟ್ಟ ಫೋರ್ಕಿನಂತೆ ಸೊಟ್ಟಗಾಗಿತ್ತು. ಎಕ್ಸ್‌ರೇಯಲ್ಲಿ ಮುರಿತ ಎದ್ದು ಕಾಣುತ್ತಿತ್ತು. ಬೆರಳುಗಳು ಜೋಮು ಹಿಡಿದಿದ್ದವು; ನರ ಒತ್ತಿಕೊಂಡಿದೆ, ಕಾಯುವ ಹಾಗಿಲ್ಲ. ಊತ ಏರುವ ಮೊದಲೇ ಅವರ ಉಂಗುರ ತೆಗೆಸಿದ, ಮುರಿದ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟ. ದೊಡ್ಡ ಸಿಸ್ಟರ್ ಮೊಣಕೈ ಮೇಲೆ ಭದ್ರವಾಗಿ ಹಿಡಿದು ನಿಂತರು. ಇವನು ಬೆರಳು ಹಿಡಿದು ಎಳೆಯುತ್ತಾ, ಯಾಕೋ ಬಾಯಿಗೆ ಬಂದಂತೆ, "ಮಿಸ್, ಗ್ಲೋಬು ಒಡೀತಾ?" ಎಂದು ಕೇಳಿದ.

"ಇಲ್ಲ, ಅದು ಉರುಳ್ಕೊಂಡು ಮೂರನೇ ಕ್ಲಾಸಿಗೆ ಹೋಯ್ತು," ಎಂದರು ಅವರು.

ಕಟಕ್.

"ಸರಿ, ಈಗ ಶುರು ಮಾಡಿ," ಎಂದರು ಹೆಡ್‌ಮಿಸ್.

"ಮುಗೀತು ಮಿಸ್," ಎಂದ ಅವನು. ಹೇಳಿ ತಾನೇ ಬೆಚ್ಚಿಬಿದ್ದ. ಮೂಳೆ ತನ್ನ ಜಾಗಕ್ಕೆ ಹೋಗಿ ಕೂತಿತ್ತು. ಬೆರಳಿಗೆ ಸ್ಪರ್ಶ ಮರಳುತ್ತಿತ್ತು. ಇಷ್ಟು ಚೆಂದವಾಗಿ ಅವನು ಎಂದೂ ಮಾಡಿದ್ದೇ ಇಲ್ಲ. ಸಂತೋಷ ತಡೆಯಲಾರದೆ ಸುತ್ತ ನೋಡಿದ, ಆದರೆ ನೋಡಿದವರು ದೊಡ್ಡ ಸಿಸ್ಟರ್ ಬಿಟ್ಟರೆ ಯಾರೂ ಇರಲಿಲ್ಲ. ಆಗಷ್ಟೇ ಬಂದ ಸಹಾಯಕಿ ನೀರಲ್ಲಿ ಅದ್ದಿ ಕೊಟ್ಟ ಒದ್ದೆ ಪಟ್ಟು ಸುತ್ತಿ, ಅದು ಗಟ್ಟಿಯಾಗುವವರೆಗೆ ಕೈಯನ್ನು ಕೆಳಕ್ಕೆ ಬಾಗಿಸಿ ಹಿಡಿದು ನಿಂತ. ಈಗ ಬಿಟ್ಟರೆ ಮೂಳೆ ಮತ್ತೆ ಜಾರುತ್ತದೆ; ಹಿಡಿಯಬೇಕಾದ್ದೂ ಡಾಕ್ಟರೇ, ಸಿಸ್ಟರ್ ಅಲ್ಲ.

ಆಗ ನಗು ಡಾಕ್ಟರು ಮೆಟ್ಟಿಲು ಇಳಿದು ಓಡಿ ಬಂದ. "ಅಣ್ಣಾ! ಪ್ರಾಯೋಗಿಕನೇ ರದ್ದು! ಮಣಿಕಟ್ಟು ಮುರ್ಕೊಂಡು ಬಂದಿರೋದು ಇವತ್ತು ಇವರೊಬ್ರೇ ಅಂತೆ, ಅವರನ್ನ ಮೇಲೆ ಕರ್ಕೊಂಡು ಹೋಗೋ ಹಾಗಿರ್ಲಿಲ್ಲ. ಇಬ್ರಿಗೂ ಬರೀ ಬಾಯಿಮಾತಂತೆ. ನನ್ನ ಪಟ್ಟು ನೋಡಿ ಅದರ ಮೇಲೇ ಕೇಳಿದ್ರು. ನೀನು ಹೇಳ್ಕೊಟ್ಟಿದ್ಯಲ್ಲ, ಗುಳಿ, ದೋಣಿಮೂಳೆ, ರಕ್ತ ಹಿಂದಕ್ಕೆ ಹರಿಯೋದು, ಎಲ್ಲಾ ಒಪ್ಪಿಸಿಬಿಟ್ಟೆ."

ಪುಸ್ತಕ ಡಾಕ್ಟರು ಹಿಡಿದ ಕೈ ಬಿಡದೆ ಚಾವಣಿಯತ್ತ ಕತ್ತೆತ್ತಿದ. ಬರೀ ಬಾಯಿಮಾತು! ಅಂದರೆ ಹುದ್ದೆ ತನ್ನದೇ. ಇಷ್ಟೆಲ್ಲ ಒದ್ದಾಟ ಬೇಕೇ ಇರಲಿಲ್ಲ!

"ಈಗ ನಿನ್ನ ಕರೀತಿದ್ದಾರೆ, ಓಡು," ಎಂದ ನಗು ಡಾಕ್ಟರು. "ಹೊರಗಿನವರಿಗೆ ರೈಲಿಗೆ ಹೊತ್ತಾಯ್ತಂತೆ, ಆಗ್ಲೇ ಎದ್ದು ನಿಂತಿದ್ದಾರೆ. ರೋಗಿ ಇದ್ದಾರೆ, ಸ್ವಲ್ಪ ತಡ ಆಗ್ಬಹುದು ಅಂತ ನಾನೇ ಹೇಳ್ದೆ. ದೊಡ್ಡ ಡಾಕ್ಟ್ರು, 'ಇನ್ನೊಬ್ಬ ಡಾಕ್ಟರಿಗೆ ಒಪ್ಪಿಸ್ದೆ ಎಮರ್ಜೆನ್ಸಿ ಬಿಟ್ಟು ಬರೋನಿಗೆ ಕೆಲಸ ಕೊಡಲ್ಲ, ಬರ್ದೇ ಇರೋನಿಗೂ ಕೊಡಕ್ಕಾಗಲ್ಲ' ಅಂದು ನಕ್ಕುಬಿಟ್ರು."

"ಕೈ ಬಿಟ್ಟೀರಾ, ಹುಷಾರ್," ಎಂದರು ಹೆಡ್‌ಮಿಸ್, ಮಂಚದ ಮೇಲಿಂದ.

"ಇಲ್ಲ ಮಿಸ್," ಎಂದು, ನಗು ಡಾಕ್ಟರ ಕಡೆ ತಿರುಗಿ, ಅವಸರದಲ್ಲಿ ಅವನು ಅಂದ, "ನಾನು ಹೋಗಿ ಬರ್ತೀನಿ, ನೀನಿಲ್ಲಿ ಸ್ವಲ್ಪ ಹಿಡ್ಕೋ."

ಅಂದಮೇಲೆ ಅವನಿಗೆ ತನ್ನ ಮಾತು ತನಗೇ ಕೇಳಿಸಿತು. ಊಟಕ್ಕೆ ಹೋಗುವಾಗ, ಹೆಂಡತಿಯ ಫೋನು ಬಂದಾಗ, ಮಾವನವರಿಗೆ ಬೀಪಿ ನೋಡಲು ಓಡಿದಾಗ, ವರ್ಷಗಟ್ಟಲೆ ದಿನಾ ಹೇಳುತ್ತಿದ್ದದ್ದು ಇದೇ ಮಾತು. ಹೇಳಿ ಮುಗಿಸುವ ಮೊದಲೇ ಒಂದು ಬಲಗೈ ಮುಂದೆ ಬಂದು, ಅವನು ಹಿಡಿದಿದ್ದನ್ನು ಹಿಡಿದುಕೊಳ್ಳುತ್ತಿತ್ತು. ಮೂಳೆ, ನರ, ಎಕ್ಸ್‌ರೇ, ಸ್ಕ್ಯಾನಿನ ಸರದಿ, ಸ್ಟೂಲಿನ ಚಕ್ರ, ಎಲ್ಲವನ್ನೂ ಯೋಚಿಸಿದ್ದ. ಈ ಕೋಣೆಯಿಂದ ತಾನು ಹೊರಗೆ ಕಾಲಿಟ್ಟಿದ್ದೆಲ್ಲ ಆ ಕೈಗೆ ಒಪ್ಪಿಸಿಯೇ ಎಂಬುದು ಮಾತ್ರ ಅವನಿಗೆ ಹೊಳೆದೇ ಇರಲಿಲ್ಲ. ಈಗಲೂ ಆ ಕೈ ಅಭ್ಯಾಸಬಲದಿಂದ ಮುಂದೆ ಬಂತು. ಬಂದು, ಅವನೇ ಹಾಕಿದ ಬೆಣ್ಣೆಯಂಥ ಪಟ್ಟು ಮಂಚದ ಕಬ್ಬಿಣಕ್ಕೆ ಟಕ್ಕೆಂದು ತಾಗಿ, ನಿಂತಿತು. "ಅಯ್ಯೋ, ನಾನು ಹೇಗೆ ಹಿಡ್ಕೊಳ್ಳಲಣ್ಣಾ?" ಎಂದ ನಗು ಡಾಕ್ಟರು, ಪಾಪ, ಈ ಸಲ ನಗದೆಯೇ. "ರೋಗೀನ ಮುಟ್ಟೋ ಹಾಗೇ ಇಲ್ಲ ಅಂತ ನೀನೇ ಹೇಳಿದ್ಯಲ್ಲ?"